ಕೈಗೆ ಬಂದ ಉದ್ದನೆಯ ಸೂಟ್: ಬ್ರಿಡ್ಜ್ ಹರಾಜಿನಲ್ಲಿ ಎಲ್ಲಿಯವರೆಗೆ ಕೂಗಬೇಕು?

ಬ್ರಿಡ್ಜ್ ಆಟದಲ್ಲಿ ಪ್ರತಿಯೊಬ್ಬರಿಗೂ ಬರುವುದು 13 ಎಲೆಗಳು. ಇವು ನಾಲ್ಕು ಜಾತಿಗಳಲ್ಲಿ ಹೆಚ್ಚು ಕಡಿಮೆ ಸಮನಾಗಿ ಹಂಚಿಹೋಗುವುದು ವಾಡಿಕೆ. ಆದರೆ ಒಮ್ಮೊಮ್ಮೆ ಒಂದೇ ಜಾತಿಯ ಎಂಟೋ ಒಂಬತ್ತೋ ಎಲೆಗಳು ಒಬ್ಬರ ಕೈಯಲ್ಲೇ ಬಂದು ಕೂರುತ್ತವೆ. ಅಂತಹ ಕೈಯನ್ನು ನೋಡಿದ ಹೊಸ ಆಟಗಾರನಿಗೆ ಸಂಭ್ರಮ; ಹಳೆಯ ಆಟಗಾರನಿಗೆ ಚಿಂತೆ. ಏಕೆಂದರೆ ಪಾಯಿಂಟುಗಳನ್ನು ಎಣಿಸಿ ಬಿಡ್ ಹೇಳುವ ಮಾಮೂಲಿ ಲೆಕ್ಕ ಇಲ್ಲಿ ಕೈಕೊಡುತ್ತದೆ. ಹೆಚ್ಚು ಕೂಗಿದರೆ 800 ಅಂಕಗಳ ದಂಡ, ಕಡಿಮೆ ಕೂಗಿದರೆ ಕೈಗೆ ಬಂದ ಸ್ಲ್ಯಾಮ್ ತಪ್ಪಿಹೋಗುವ ಭಯ.

ಅಪರೂಪಕ್ಕೆ ಬರುವ ಇಂತಹ ಕೈಗಳನ್ನು ಹರಾಜಿನಲ್ಲಿ ನಿಭಾಯಿಸುವ ಬಗೆ ಹೇಗೆ? ಜಗತ್ತಿನಾದ್ಯಂತ ಆಟಗಾರರು ಒಪ್ಪಿಕೊಂಡಿರುವ ಸೂತ್ರಗಳ ಪರಿಚಯ ಇಲ್ಲಿದೆ.

ಮೊದಲು ಆಟದ ಹಿನ್ನೆಲೆ

ನಮ್ಮ ಕಟ್ಟೆ, ಜಗಲಿಗಳಲ್ಲಿ ಇಸ್ಪೀಟು, ಆಟೀನು, ಡೈಮನ್ನು, ಕಳಾವರು ಎಂದು ಕರೆಯುವ ನಾಲ್ಕು ಜಾತಿಗಳೇ ಬ್ರಿಡ್ಜ್‌ನ ಸ್ಪೇಡ್, ಹಾರ್ಟ್, ಡೈಮಂಡ್ ಮತ್ತು ಕ್ಲಬ್. ಆಟದ ಭಾಷೆಯಲ್ಲಿ ಜಾತಿಗೆ ಸೂಟ್ ಎಂಬ ಹೆಸರು. ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ಆಟ ಆರಂಭವಾಗುವ ಮುನ್ನ ಹರಾಜು ನಡೆಯುತ್ತದೆ. ಯಾವ ಸೂಟ್ ತುರುಫು, ಎಷ್ಟು ಟ್ರಿಕ್ ಗೆಲ್ಲಬೇಕು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಮೊದಲ ಆರು ಟ್ರಿಕ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ‘ಮೂರು ಸ್ಪೇಡ್’ ಎಂದರೆ ಸ್ಪೇಡ್ ತುರುಫಾಗಿಸಿಕೊಂಡು ಒಂಬತ್ತು ಟ್ರಿಕ್ ಗೆಲ್ಲುವ ಮಾತು.

ಇಂದು ಆಡುವ ಕಾಂಟ್ರಾಕ್ಟ್ ಬ್ರಿಡ್ಜ್‌ಗೆ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ರೂಪ ಕೊಟ್ಟರು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಪಾಯಿಂಟು ಎಣಿಸುವ ಪದ್ಧತಿಯನ್ನು ಮನೆಮಾತಾಗಿಸಿದವರು ಚಾರ್ಲ್ಸ್ ಗೋರೆನ್. ಪಾಸ್, ಡಬಲ್, ರಿಡಬಲ್ ಸೇರಿ ಹರಾಜಿನಲ್ಲಿ ಹೇಳಬಹುದಾದ ಮಾತುಗಳು 38 ಮಾತ್ರ. ತನ್ನ ಕೈಯ ಗುಟ್ಟನ್ನು ಜೊತೆಗಾರನಿಗೆ ತಿಳಿಸಲು ಬೇರೆ ಯಾವ ದಾರಿಯೂ ಇಲ್ಲ.

ಎಷ್ಟು ಅಪರೂಪ?

52 ಎಲೆಗಳಿಂದ 13 ಎಲೆಗಳ ಕೈ ಸುಮಾರು 63,501 ಕೋಟಿ ಬಗೆಯಲ್ಲಿ ರೂಪುಗೊಳ್ಳಬಹುದು. ಇವುಗಳಲ್ಲಿ ಉದ್ದನೆಯ ಸೂಟ್ ಇರುವ ಕೈಗಳ ಪ್ರಮಾಣವನ್ನು ಗಣಿತ ಹೀಗೆ ಹೇಳುತ್ತದೆ:

* ಏಳು ಎಲೆಯ ಸೂಟ್: ಸುಮಾರು 28 ಕೈಗಳಿಗೆ ಒಮ್ಮೆ
* ಎಂಟು ಎಲೆ: ಸುಮಾರು 214 ಕೈಗಳಿಗೆ ಒಮ್ಮೆ
* ಒಂಬತ್ತು ಎಲೆ: ಸುಮಾರು 2,700 ಕೈಗಳಿಗೆ ಒಮ್ಮೆ
* ಹತ್ತು ಎಲೆ: ಸುಮಾರು 60,700 ಕೈಗಳಿಗೆ ಒಮ್ಮೆ
* ಹನ್ನೊಂದು ಎಲೆ: ಸುಮಾರು 27 ಲಕ್ಷದ 47 ಸಾವಿರ ಕೈಗಳಿಗೆ ಒಮ್ಮೆ
* ಹನ್ನೆರಡು ಎಲೆ: ಸುಮಾರು 31 ಕೋಟಿ ಕೈಗಳಿಗೆ ಒಮ್ಮೆ
* ಹದಿಮೂರೂ ಒಂದೇ ಸೂಟ್: ಸುಮಾರು 15,875 ಕೋಟಿ ಕೈಗಳಿಗೆ ಒಮ್ಮೆ

ಒಂದು ಸಂಜೆಗೆ 25 ಕೈ ಆಡುವವರಿಗೆ ಏಳು ಎಲೆಯ ಸೂಟ್ ದಿನಕ್ಕೊಂದರಂತೆ ಸಿಗಬಹುದು. ಎಂಟು ಎಲೆಯದು ವರ್ಷಕ್ಕೆ ಹಲವು ಬಾರಿ ಬಂದೀತು. ಹತ್ತು ಎಲೆಯದು ಆಯುಷ್ಯದಲ್ಲಿ ಒಮ್ಮೆ ಬಂದರೆ ಅದೃಷ್ಟ. ಆದ್ದರಿಂದ ಕಲಿಯಬೇಕಾದ ಮುಖ್ಯ ಪಾಠ ಏಳು, ಎಂಟು ಎಲೆಗಳದು. ಉಳಿದವು ಅದರ ಮುಂದುವರಿಕೆ.

ನಾಲ್ವರಿಗೂ ಒಂದೊಂದು ಸೂಟ್ ಪೂರ್ತಿಯಾಗಿ ಬಂತೆಂಬ ಸುದ್ದಿ ಆಗಾಗ ಪ್ರಕಟವಾಗುವುದುಂಟು. ಅದರ ಸಂಭವನೀಯತೆಯ ವಿರುದ್ಧ ನಿಲ್ಲುವ ಸಂಖ್ಯೆ 28 ಅಂಕಿಗಳಷ್ಟು ದೊಡ್ಡದು. ಹೊಸ ಕಟ್ಟನ್ನು ಒಡೆದು, ಸರಿಯಾಗಿ ಅರ್ಧ ಮಾಡಿ, ಒಂದೊಂದೇ ಎಲೆ ಹೆಣೆಯುವಂತೆ ಎರಡು ಸಲ ಕಲೆಸಿ ಹಂಚಿದರೆ ಮಾತ್ರ ಹಾಗಾಗುವುದು ಸಹಜ. ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದಂತೆ, ಕಟ್ಟು ಚೆನ್ನಾಗಿ ಬೆರೆಯಬೇಕಾದರೆ ಸುಮಾರು ಏಳು ಸಲ ಕಲೆಸಬೇಕು.

ಪಾಯಿಂಟಲ್ಲ, ಟ್ರಿಕ್ ಎಣಿಸಿ

ಉದ್ದನೆಯ ಸೂಟ್ ಬಂದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಈ ಸೂಟೇ ತುರುಫಾದರೆ ನನ್ನೊಬ್ಬನ ಕೈಯಿಂದ ಎಷ್ಟು ಟ್ರಿಕ್ ಬರುತ್ತವೆ?

ಉದಾಹರಣೆಗೆ ಈ ಕೈ ನೋಡಿ. ಸ್ಪೇಡ್‌ನಲ್ಲಿ ರಾಜ, ರಾಣಿ, ಗುಲಾಮ, 10, 9, 6, 3, ಹಾರ್ಟ್‌ನಲ್ಲಿ 4, ಡೈಮಂಡ್‌ನಲ್ಲಿ 8, 6, 2, ಕ್ಲಬ್‌ನಲ್ಲಿ 7, 5. ಪಾಯಿಂಟು ಎಣಿಸಿದರೆ ಬರೀ ಆರು, ಓಪನಿಂಗ್‌ಗೆ ಸಾಲದು. ಆದರೆ ಸ್ಪೇಡ್ ತುರುಫಾದರೆ ಎಕ್ಕವೊಂದನ್ನು ಬಿಟ್ಟುಕೊಟ್ಟು ಆರು ಟ್ರಿಕ್ ಖಚಿತ. ಬೇರೆ ಯಾವುದೇ ಸೂಟ್ ತುರುಫಾದರೆ ಇದೇ ಕೈಯ ಬೆಲೆ ಬಹುತೇಕ ಸೊನ್ನೆ. ತನ್ನ ಸೂಟ್‌ನಲ್ಲಿ ಬಲಶಾಲಿ, ಪರರ ಸೂಟ್‌ನಲ್ಲಿ ನಿರುಪಯೋಗಿ ಎನ್ನುವ ಈ ಅಂತರವೇ ನೇರವಾಗಿ ಮೇಲಿನ ಹಂತದಿಂದ ಹರಾಜು ಆರಂಭಿಸಲು ಕಾರಣ. ಇದನ್ನು ಪ್ರಿಎಂಪ್ಟ್ ಎನ್ನುತ್ತಾರೆ.

ನಿಮ್ಮ ಕೈ ದುರ್ಬಲವಾಗಿದ್ದರೆ ಎದುರಾಳಿಗಳ ಬಳಿ ದೊಡ್ಡ ಎಲೆಗಳಿರುವ ಸಾಧ್ಯತೆ ಹೆಚ್ಚು. ಅವರು ಒಂದು, ಎರಡು ಹಂತಗಳಲ್ಲಿ ಸಾವಧಾನವಾಗಿ ಮಾತನಾಡಿಕೊಂಡು ತಮಗೆ ಸೂಕ್ತವಾದ ಸೂಟ್ ಕಂಡುಕೊಳ್ಳುತ್ತಾರೆ. ನೀವು ಮೊದಲೇ ‘ಮೂರು ಸ್ಪೇಡ್’ ಎಂದುಬಿಟ್ಟರೆ ಅವರ ಮಾತುಕತೆ ನಾಲ್ಕನೇ ಹಂತದಿಂದ ಶುರುವಾಗಬೇಕು. ಎಡವುವ ಅವಕಾಶ ಅವರಿಗೇ ಹೆಚ್ಚು.

ಎರಡು-ಮೂರರ ಸೂತ್ರ

ಹಾಗೆಂದು ಮನಸ್ಸಿಗೆ ಬಂದಷ್ಟು ಕೂಗಲಾಗದು. ಎಲಿ ಕಲ್ಬರ್ಟ್‌ಸನ್ ಅವರ ಕಾಲದಿಂದಲೂ ಬಳಕೆಯಲ್ಲಿರುವ ‘ಎರಡು-ಮೂರರ ಸೂತ್ರ’ ಇಲ್ಲಿ ಲಗಾಮಿನ ಕೆಲಸ ಮಾಡುತ್ತದೆ. ಕೈಯಲ್ಲಿರುವ ಟ್ರಿಕ್ ಎಣಿಸಿ. ನಿಮ್ಮ ಜೋಡಿ ವಲ್ನರಬಲ್ ಆಗಿದ್ದರೆ, ಅಂದರೆ ದಂಡವೂ ಬೋನಸ್ಸೂ ಹೆಚ್ಚಿರುವ ಸ್ಥಿತಿಯಲ್ಲಿದ್ದರೆ, ಅದಕ್ಕೆ ಎರಡು ಸೇರಿಸಿ. ಅಲ್ಲದಿದ್ದರೆ ಮೂರು ಸೇರಿಸಿ. ಬಂದ ಮೊತ್ತವೇ ನಿಮ್ಮ ಬಿಡ್‌ನ ಮಿತಿ.

ಮೇಲಿನ ಕೈಯಲ್ಲಿ ಆರು ಟ್ರಿಕ್ ಇದೆ. ವಲ್ನರಬಲ್ ಅಲ್ಲದಾಗ ಮೂರು ಸೇರಿಸಿದರೆ ಒಂಬತ್ತು. ‘ಮೂರು ಸ್ಪೇಡ್’ ಸರಿಯಾದ ಬಿಡ್. ವಲ್ನರಬಲ್ ಆಗಿದ್ದರೆ ಮೊತ್ತ ಎಂಟಕ್ಕೆ ನಿಲ್ಲುತ್ತದೆ. ಮೂರನೇ ಹಂತಕ್ಕೆ ಏರುವ ಮುನ್ನ ಎರಡು ಸಲ ಯೋಚಿಸಬೇಕು.

ಈ ಸೂತ್ರದ ಹಿಂದಿರುವುದು ದಂಡದ ಪಟ್ಟಿ. ಎದುರಾಳಿ ಡಬಲ್ ಮಾಡಿದಾಗ ವಲ್ನರಬಲ್ ಅಲ್ಲದವರು ಒಂದು ಟ್ರಿಕ್ ಸೋತರೆ 100, ಎರಡಕ್ಕೆ 300, ಮೂರಕ್ಕೆ 500, ನಾಲ್ಕಕ್ಕೆ 800 ಅಂಕ ತೆರಬೇಕು. ವಲ್ನರಬಲ್ ಆದವರಿಗೆ ಇದು 200, 500, 800, 1100 ಎಂದು ಏರುತ್ತದೆ. ಜೊತೆಗಾರನಿಂದ ಒಂದೇ ಒಂದು ಟ್ರಿಕ್ ಬಾರದಿದ್ದರೂ ನಷ್ಟ 500ಕ್ಕೆ ನಿಲ್ಲಬೇಕೆಂಬುದು ಸೂತ್ರದ ಆಶಯ.

500 ಕೊಟ್ಟರೂ ಲಾಭವೇ? ಅದು ಎದುರಾಳಿಗಳ ಸ್ಥಿತಿಯನ್ನು ಅವಲಂಬಿಸಿದೆ. ಅವರು ವಲ್ನರಬಲ್ ಆಗಿದ್ದು, ನಾಲ್ಕು ಹಾರ್ಟ್ ಆಡಿ ಗೆಲ್ಲುವಂತಿದ್ದರೆ ಅವರಿಗೆ 620 ಅಂಕ ಸಿಗುತ್ತಿತ್ತು. 500ಕ್ಕೆ ತಡೆದರೆ ನಿಮಗೆ 120ರ ಉಳಿತಾಯ. ಅವರು ವಲ್ನರಬಲ್ ಅಲ್ಲದಿದ್ದರೆ ಅವರ ಗಳಿಕೆ ಕೇವಲ 420. ಆಗ 500 ತೆತ್ತರೆ 80 ಅಂಕ ಕೈಬಿಟ್ಟಂತೆ. ಹೀಗಾಗಿ ಎಲೆ ನೋಡುವ ಮುನ್ನ ಎರಡೂ ಜೋಡಿಗಳ ಸ್ಥಿತಿ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಎಂಟು ಎಲೆ ಬಂದರೆ

ಏಳು ಎಲೆಗೆ ಮೂರನೇ ಹಂತ, ಎಂಟು ಎಲೆಗೆ ನಾಲ್ಕನೇ ಹಂತ ಎಂಬುದು ಸಾಮಾನ್ಯ ಅಳತೆ. ಹಾರ್ಟ್‌ನಲ್ಲಿ ರಾಜ, ರಾಣಿ, ಗುಲಾಮ, 10, 8, 7, 5, 4, ಸ್ಪೇಡ್‌ನಲ್ಲಿ 3, ಡೈಮಂಡ್‌ನಲ್ಲಿ 9, 6, 2, ಕ್ಲಬ್‌ನಲ್ಲಿ 7 ಇದೆ ಎನ್ನಿ. ಏಳು ಟ್ರಿಕ್, ಜೊತೆಗೆ ಮೂರು, ಒಟ್ಟು ಹತ್ತು. ವಲ್ನರಬಲ್ ಅಲ್ಲದಾಗ ‘ನಾಲ್ಕು ಹಾರ್ಟ್’ ಎಂದು ನೇರವಾಗಿ ಕೂಗಬಹುದು.

ಸ್ಪೇಡ್ ಮತ್ತು ಹಾರ್ಟ್‌ಗಳಿಗೆ ಇಲ್ಲಿ ಅನುಕೂಲ ಹೆಚ್ಚು. ಇವುಗಳಲ್ಲಿ ಹತ್ತು ಟ್ರಿಕ್ ಗೆದ್ದರೆ ಗೇಮ್ ಬೋನಸ್ ಸಿಗುತ್ತದೆ. ಡೈಮಂಡ್ ಮತ್ತು ಕ್ಲಬ್‌ಗಳಲ್ಲಿ ಹನ್ನೊಂದು ಬೇಕು. ಒಂಬತ್ತು ಟ್ರಿಕ್‌ಗೆ ಗೇಮ್ ಸಿಗುವುದು ತುರುಫಿಲ್ಲದ ನೋ ಟ್ರಂಪ್‌ನಲ್ಲಿ ಮಾತ್ರ. ಆದ್ದರಿಂದಲೇ ಎಕ್ಕ, ರಾಜ, ರಾಣಿ ಸಮೇತ ಏಳು ಗಟ್ಟಿ ಡೈಮಂಡ್ ಅಥವಾ ಕ್ಲಬ್ ಇದ್ದು, ಹೊರಗೆ ಎಕ್ಕವಾಗಲಿ ರಾಜನಾಗಲಿ ಇಲ್ಲದ ಕೈಗೆ ‘ಮೂರು ನೋ ಟ್ರಂಪ್’ ಎಂದು ಓಪನ್ ಮಾಡುವ ಪದ್ಧತಿ ಹುಟ್ಟಿತು. ಇದರ ಹೆಸರೇ ಗ್ಯಾಂಬ್ಲಿಂಗ್ ಮೂರು ನೋ ಟ್ರಂಪ್. ಉಳಿದ ಸೂಟ್‌ಗಳಲ್ಲಿ ತಡೆಗೋಡೆ ಇರುವ ಜೊತೆಗಾರ ಪಾಸ್ ಹೇಳುತ್ತಾನೆ. ಇಲ್ಲದವನು ‘ನಾಲ್ಕು ಕ್ಲಬ್’ ಎಂದು ಹೇಳಿ ಸುರಕ್ಷಿತ ಜಾಗಕ್ಕೆ ಸರಿಯುತ್ತಾನೆ.

ಜೊತೆಗಾರನ ಕರ್ತವ್ಯ

ಪ್ರಿಎಂಪ್ಟ್ ಎಡವುವುದು ಅನೇಕ ಸಲ ಕೂಗಿದವನಿಂದಲ್ಲ, ಎದುರಿಗೆ ಕುಳಿತವನಿಂದ. 12 ಪಾಯಿಂಟು ಕಂಡೊಡನೆ ಹುರುಪಿನಿಂದ ಮೇಲಕ್ಕೆ ಏರಿಸುವವರಿದ್ದಾರೆ. ಎಣಿಸಬೇಕಾದದ್ದು ಟ್ರಿಕ್‌ಗಳನ್ನು. ವಲ್ನರಬಲ್ ಅಲ್ಲದೆ ‘ಮೂರು ಸ್ಪೇಡ್’ ಎಂದವನು ಕೊಟ್ಟಿರುವ ಭರವಸೆ ಆರು ಟ್ರಿಕ್‌ಗಳದು. ಹತ್ತಾಗಬೇಕಾದರೆ ಜೊತೆಗಾರನ ಬಳಿ ನಾಲ್ಕು ಇರಬೇಕು. ಅವು ಎಕ್ಕಗಳಾಗಿರಬೇಕು, ಎಕ್ಕ-ರಾಜನ ಜೋಡಿಯಾಗಿರಬೇಕು. ಬಿಡಿ ರಾಣಿ, ಗುಲಾಮರಿಂದ ಕೂಡಿದ 12 ಪಾಯಿಂಟು ಇಲ್ಲಿ ಹುಸಿ ಸಂಪತ್ತು.

ತನ್ನ ಬಳಿ ತುರುಫು ಒಂದೇ ಇದೆಯೆಂದು ಜೊತೆಗಾರ ಬೇರೆ ಸೂಟ್ ಹುಡುಕಲು ಹೊರಡುವುದೂ ತಪ್ಪು. ಏಳು ಎಲೆಯ ಸೂಟ್ ತನ್ನ ಕಾಲ ಮೇಲೆ ತಾನೇ ನಿಲ್ಲಬಲ್ಲದು.

ಇನ್ನು ಕೂಗಿದವನಿಗೊಂದು ಕಟ್ಟುನಿಟ್ಟು: ಒಮ್ಮೆ ಪ್ರಿಎಂಪ್ಟ್ ಮಾಡಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಹೇಳಬೇಕಾದದ್ದನ್ನು ಆತ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಾನೆ. ಮುಂದಿನ ತೀರ್ಮಾನ ಜೊತೆಗಾರನದು. ಎದುರಾಳಿಗಳನ್ನು ಕಷ್ಟದ ಹಂತಕ್ಕೆ ತಳ್ಳಿದ ಮೇಲೆ ಮತ್ತೆ ತಾನೇ ಬಿಡ್ ಹೇಳಿ ಅವರನ್ನು ಪಾರು ಮಾಡುವುದು ಈ ಆಟದಲ್ಲಿ ಅತಿ ಸಾಮಾನ್ಯವಾದ ತಪ್ಪು.

ಕೈ ಬಲವಾಗಿದ್ದರೆ ನಿಧಾನ

ಉದ್ದದ ಜೊತೆಗೆ ಬಲವೂ ಸೇರಿದರೆ ದಾರಿ ಬದಲಾಗುತ್ತದೆ. ಸ್ಪೇಡ್‌ನಲ್ಲಿ ಎಕ್ಕ, ರಾಜ, ರಾಣಿ, ಗುಲಾಮ, 10, 9, 6, 2, ಹಾರ್ಟ್ ಎಕ್ಕ, ಡೈಮಂಡ್‌ನಲ್ಲಿ ರಾಜ, ರಾಣಿ, 4, ಕ್ಲಬ್‌ನಲ್ಲಿ 3. ಪಾಯಿಂಟು 19 ಮಾತ್ರ. ಆದರೆ ಸ್ಪೇಡ್ ಎಂಟು, ಹಾರ್ಟ್ ಒಂದು, ಡೈಮಂಡ್ ಒಂದು ಸೇರಿ ಹತ್ತು ಟ್ರಿಕ್ ಕೈಯಲ್ಲೇ ಇವೆ.

ಇದನ್ನು ‘ನಾಲ್ಕು ಸ್ಪೇಡ್’ ಎಂದು ಕೂಗಿದರೆ ಜೊತೆಗಾರ ಅದನ್ನು ದುರ್ಬಲ ಕೈಯೆಂದೇ ತಿಳಿಯುತ್ತಾನೆ. ಆತನ ಬಳಿ ಡೈಮಂಡ್ ಎಕ್ಕ ಮತ್ತು ಕ್ಲಬ್ ಎಕ್ಕ ಮಾತ್ರ ಇದ್ದರೆ ಸುಮ್ಮನೆ ಪಾಸ್ ಹೇಳುತ್ತಾನೆ. ಎಲೆ ಬಿಚ್ಚಿ ನೋಡಿದರೆ ಹದಿಮೂರೂ ಟ್ರಿಕ್ ಸಿದ್ಧ! ವಲ್ನರಬಲ್ ಅಲ್ಲದಾಗ 1000, ವಲ್ನರಬಲ್ ಆದಾಗ 1500 ಅಂಕಗಳ ಗ್ರ್ಯಾಂಡ್ ಸ್ಲ್ಯಾಮ್ ಬೋನಸ್ ಕೈತಪ್ಪಿತು. ಇಂತಹ ಕೈಗೆ ‘ಎರಡು ಕ್ಲಬ್’ ಎಂಬ ಬಲಿಷ್ಠ ಓಪನಿಂಗ್ ಇದೆ. ಅದನ್ನು ಹೇಳಿ, ಜೊತೆಗಾರನ ಉತ್ತರ ಕೇಳಿ, ನಂತರ ಸ್ಪೇಡ್ ತೋರಿಸಬೇಕು. ದುರ್ಬಲ ಉದ್ದ ಕೈಗೆ ಅವಸರ ಆಯುಧ. ಬಲಿಷ್ಠ ಉದ್ದ ಕೈಗೆ ತಾಳ್ಮೆ ಆಯುಧ.

ಯಾವ ಎಕ್ಕ ಎಂಬುದೇ ಪ್ರಶ್ನೆ

ಒಂಬತ್ತು, ಹತ್ತು ಎಲೆಗಳ ಕೈಗಳಲ್ಲಿ ಕೆಲವು ಸೂಟ್‌ಗಳಲ್ಲಿ ಒಂದೂ ಎಲೆ ಇರುವುದಿಲ್ಲ. ಹಾರ್ಟ್‌ನಲ್ಲಿ ಎಕ್ಕದಿಂದ 7ರವರೆಗಿನ ಎಂಟು ಎಲೆಗಳು ಮತ್ತು 5. ಡೈಮಂಡ್‌ನಲ್ಲಿ ರಾಜ, ರಾಣಿ, ಗುಲಾಮ, 10. ಸ್ಪೇಡ್ ಇಲ್ಲ, ಕ್ಲಬ್ ಇಲ್ಲ. ಇಲ್ಲಿ ಸೋಲುವ ಟ್ರಿಕ್ ಒಂದೇ, ಡೈಮಂಡ್ ಎಕ್ಕ. ಅದು ಜೊತೆಗಾರನ ಬಳಿ ಇದ್ದರೆ ಏಳು ಹಾರ್ಟ್. ಇಲ್ಲದಿದ್ದರೆ ಆರು ಹಾರ್ಟ್.

ಬ್ಲ್ಯಾಕ್‌ವುಡ್ ಪದ್ಧತಿಯಲ್ಲಿ ‘ಎಷ್ಟು ಎಕ್ಕ?’ ಎಂದು ಕೇಳಬಹುದು. ‘ಒಂದು’ ಎಂಬ ಉತ್ತರ ಬಂದರೆ ಪ್ರಯೋಜನವೇನು? ಅದು ಸ್ಪೇಡ್ ಎಕ್ಕವಾಗಿದ್ದರೆ ನಿಮಗೆ ನಿರುಪಯೋಗಿ. ಹೀಗಾಗಿ ಹರಾಜನ್ನೇ ‘ನಾಲ್ಕು ನೋ ಟ್ರಂಪ್’ ಎಂದು ತೆರೆದು ‘ಯಾವ ಎಕ್ಕ?’ ಎಂದು ಕೇಳುವ ಪದ್ಧತಿಯನ್ನು ಅನೇಕ ಜೋಡಿಗಳು ಇಟ್ಟುಕೊಂಡಿವೆ. ‘ಐದು ಕ್ಲಬ್’ ಎಂದರೆ ಎಕ್ಕವಿಲ್ಲ. ಐದು ಡೈಮಂಡ್, ಐದು ಹಾರ್ಟ್, ಐದು ಸ್ಪೇಡ್, ಆರು ಕ್ಲಬ್ ಎಂದರೆ ಆಯಾ ಸೂಟ್‌ನ ಎಕ್ಕವಿದೆ. ‘ಐದು ನೋ ಟ್ರಂಪ್’ ಎಂದರೆ ಎರಡು ಎಕ್ಕಗಳಿವೆ. ಮೇಲಿನ ಕೈಯಲ್ಲಿ ‘ಐದು ಡೈಮಂಡ್’ ಎಂಬ ಉತ್ತರ ಬಂದೊಡನೆ ಏಳು ಹಾರ್ಟ್ ಕೂಗಬಹುದು.

ಹದಿಮೂರು ಸ್ಪೇಡ್‌ಗೂ ಅಪಾಯ!

ಸ್ಪೇಡ್ ನಾಲ್ಕು ಸೂಟ್‌ಗಳಲ್ಲಿ ಮೇಲಿನದು. ಹದಿಮೂರೂ ಸ್ಪೇಡ್ ಬಂದವನು ‘ಏಳು ಸ್ಪೇಡ್’ ಎಂದರೆ ಅದನ್ನು ಮೀರಬಲ್ಲ ಬಿಡ್ ಒಂದೇ, ಏಳು ನೋ ಟ್ರಂಪ್. ಎದುರಾಳಿ ಹತಾಶೆಯಿಂದ ಅದನ್ನು ಕೂಗಿದನೆನ್ನಿ. ಆತ ನಿಮ್ಮ ಬಲಗಡೆ ಕುಳಿತಿದ್ದರೆ ಮೊದಲ ಎಲೆ ಇಳಿಸುವವರು ನೀವು. ಹದಿಮೂರೂ ಟ್ರಿಕ್ ನಿಮ್ಮವು. ಆತ ಎಡಗಡೆ ಇದ್ದರೆ ಮೊದಲ ಎಲೆ ನಿಮ್ಮ ಜೊತೆಗಾರನದು. ಆತನ ಬಳಿ ಸ್ಪೇಡ್ ಒಂದೂ ಇಲ್ಲ. ತುರುಫಿಲ್ಲದ ಆಟದಲ್ಲಿ ನಿಮಗೆ ಎಲೆ ಇಳಿಸುವ ಸರದಿಯೇ ಬಾರದು. ಹದಿಮೂರು ಸ್ಪೇಡ್ ಹಿಡಿದವನಿಗೆ ಒಂದು ಟ್ರಿಕ್ಕೂ ಸಿಗದು. ಹಾರ್ಟ್‌ನ ಹದಿಮೂರು ಬಂದರೆ ಏಳು ಸ್ಪೇಡ್ ಎಂಬ ಇನ್ನೊಂದು ಅಡ್ಡಿಯೂ ಉಂಟು.

ಕತೆ, ಕಾದಂಬರಿಗಳಲ್ಲಿ ಉದ್ದನೆಯ ಸೂಟ್

ಎಲೆಗಳ ಹಂಚಿಕೆಯ ಮುಂದೆ ಪಾಯಿಂಟುಗಳು ಸೋಲುವುದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ. ಮೊದಲನೆಯದು ಮಿಸಿಸಿಪ್ಪಿ ಹಾರ್ಟ್ ಕೈ. ಒಬ್ಬನಲ್ಲಿ ಸ್ಪೇಡ್ ಎಕ್ಕ, ರಾಜ, ರಾಣಿ. ಹಾರ್ಟ್ ಎಕ್ಕದಿಂದ 9ರವರೆಗೆ ಆರು. ಕ್ಲಬ್ ಎಕ್ಕ, ರಾಜ, ರಾಣಿ, ಗುಲಾಮ. ಆತ ಹಾರ್ಟ್ ತುರುಫಾಗಿಸಿ ಸ್ಲ್ಯಾಮ್ ಕೂಗದೆ ಇರಲಾರ. ಆದರೆ ಎಡಗಡೆಯವನ ಬಳಿ ಹಾರ್ಟ್ 8ರಿಂದ 2ರವರೆಗೆ ಏಳು, ಜೊತೆಗೆ ಎಕ್ಕದಿಂದ 9ರವರೆಗೆ ಆರು ಡೈಮಂಡ್. ಡೈಮಂಡ್ ಇಳಿಸಿದೊಡನೆ ಮೊದಲನೆಯವನು ಒಂದು ತುರುಫು ಕಳೆದುಕೊಳ್ಳುತ್ತಾನೆ. ಆರಕ್ಕೆ ಏಳು ಎಂಬ ಲೆಕ್ಕದಲ್ಲಿ ಆತನ ತುರುಫು ಮೊದಲು ಮುಗಿಯುತ್ತದೆ. ಕೊನೆಗೆ ಸಿಗುವುದು ಆರೇ ಟ್ರಿಕ್. ಮಿಸಿಸಿಪ್ಪಿ ನದಿಯ ಹಬೆದೋಣಿಗಳ ಜೂಜಿನ ಹೆಸರು ಈ ಕೈಗೆ ಅಂಟಿಕೊಂಡಿದೆ.

ಎರಡನೆಯದು ಇಯಾನ್ ಫ್ಲೆಮಿಂಗ್ ಅವರ 1955ರ ‘ಮೂನ್‌ರೇಕರ್’ ಕಾದಂಬರಿಯಲ್ಲಿ ಬರುತ್ತದೆ. ಮೋಸಗಾರ ಡ್ರ್ಯಾಕ್ಸ್‌ನ ಕೈಯಲ್ಲಿ 31 ಪಾಯಿಂಟು. ಜೇಮ್ಸ್ ಬಾಂಡ್ ಬಳಿ ಎಂಟು ಡೈಮಂಡ್, ಐದು ಕ್ಲಬ್. ಬಾಂಡ್ ಏಳು ಕ್ಲಬ್ ಕೂಗುತ್ತಾನೆ; ಡ್ರ್ಯಾಕ್ಸ್ ಡಬಲ್ ಮಾಡುತ್ತಾನೆ; ಬಾಂಡ್ ರಿಡಬಲ್ ಮಾಡಿ ಹದಿಮೂರೂ ಟ್ರಿಕ್ ಗೆಲ್ಲುತ್ತಾನೆ. ಡೈಮಂಡ್ ಇಲ್ಲದ ಡಮ್ಮಿಯಲ್ಲಿ ಎರಡು ಸಲ ತುರುಫು ಹಾಕಿದಾಗ ಎದುರಾಳಿಯ ಎಕ್ಕ, ರಾಜ ಬಿದ್ದುಹೋಗಿ ಉಳಿದ ಡೈಮಂಡ್‌ಗಳೆಲ್ಲ ಗೆಲುವಿನ ಎಲೆಗಳಾಗುತ್ತವೆ. ಉದ್ದನೆಯ ಸೂಟ್ ಬಂದಾಗ ತಲೆತಿರುಗಬಾರದು. ಎದುರಾಳಿಯ ಬಳಿಯೂ ಒಂದು ಉದ್ದನೆಯ ಸೂಟ್ ಇರಬಹುದೆಂಬ ಎಚ್ಚರ ಬೇಕು.

ಪೈಪೋಟಿ ಬಿದ್ದಾಗ

ಎರಡೂ ಕಡೆ ಹರಾಜು ಏರುತ್ತಿದ್ದರೆ ಫ್ರಾನ್ಸ್‌ನ ಜಾನ್-ರೆನೆ ವೆರ್ನ್ ಮಂಡಿಸಿದ, 1992ರಲ್ಲಿ ಅಮೆರಿಕದ ಲ್ಯಾರಿ ಕೋಹೆನ್ ಅವರ ಪುಸ್ತಕದಿಂದ ಜನಪ್ರಿಯವಾದ ‘ಒಟ್ಟು ಟ್ರಿಕ್‌ಗಳ ನಿಯಮ’ ನೆರವಾಗುತ್ತದೆ. ಎರಡೂ ಜೋಡಿಗಳು ತಂತಮ್ಮ ಸೂಟ್‌ನಲ್ಲಿ ಗೆಲ್ಲಬಹುದಾದ ಟ್ರಿಕ್‌ಗಳ ಮೊತ್ತವು ಎರಡೂ ಜೋಡಿಗಳ ತುರುಫುಗಳ ಮೊತ್ತಕ್ಕೆ ಹೆಚ್ಚು ಕಡಿಮೆ ಸಮ. ನಿಮ್ಮ ಜೋಡಿಗೆ ಹತ್ತು ಸ್ಪೇಡ್, ಅವರಿಗೆ ಒಂಬತ್ತು ಹಾರ್ಟ್ ಇದ್ದರೆ ಒಟ್ಟು 19. ಅವರು ಹತ್ತು ಟ್ರಿಕ್ ಗೆಲ್ಲುವಂತಿದ್ದರೆ ನಿಮಗೆ ಒಂಬತ್ತು. ಅವರ ನಾಲ್ಕು ಹಾರ್ಟ್ ಮೇಲೆ ನಾಲ್ಕು ಸ್ಪೇಡ್ ಕೂಗಿ ಒಂದು ಟ್ರಿಕ್ ಸೋತರೂ ಲಾಭ ನಿಮ್ಮದೇ. ಇದು ಸರಾಸರಿ ಲೆಕ್ಕ ಎಂಬುದನ್ನು ಮರೆಯಬಾರದು. ಎಲೆಗಳು ವಿಪರೀತವಾಗಿ ಹಂಚಿಹೋದಾಗ ಅನುಮಾನ ಬಂದರೆ ಇನ್ನೊಂದು ಹಂತ ಏರುವುದೇ ಲೇಸು ಎನ್ನುತ್ತಾರೆ ಅನುಭವಿಗಳು.

ಅದೃಷ್ಟವೋ, ನೈಪುಣ್ಯವೋ?

ಎಂಟು ಎಲೆಯ ಸೂಟ್ ಬರುವುದು ಅದೃಷ್ಟ. ಅದನ್ನು ಎಲ್ಲಿಗೆ ಒಯ್ಯಬೇಕೆಂಬುದು ನೈಪುಣ್ಯ. ರಮ್ಮಿಯನ್ನು ನೈಪುಣ್ಯದ ಆಟವೆಂದು ಪರಿಗಣಿಸಿದ ಸುಪ್ರೀಂ ಕೋರ್ಟ್ 1967ರ ತೀರ್ಪಿನಲ್ಲಿ, ರಮ್ಮಿಯಲ್ಲಿರುವ ಅದೃಷ್ಟದ ಅಂಶವನ್ನು ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟಕ್ಕೆ ಹೋಲಿಸಿತ್ತು. ಸ್ಪರ್ಧೆಗಳಲ್ಲಿ ಒಂದೇ ಹಂಚಿಕೆಯನ್ನು ಬೇರೆ ಬೇರೆ ಮೇಜುಗಳಲ್ಲಿ ಆಡಿಸಿ ಫಲಿತಾಂಶ ಹೋಲಿಸುವುದರಿಂದ ಅದೃಷ್ಟದ ಪಾಲು ಇನ್ನಷ್ಟು ತಗ್ಗುತ್ತದೆ. ನಿಮಗೆ ಬಂದ ಎಂಟು ಎಲೆಗಳೇ ಬೇರೆ ಮೇಜುಗಳಲ್ಲಿ ನಿಮ್ಮ ಸ್ಥಾನದಲ್ಲಿ ಕುಳಿತವರಿಗೂ ಬಂದಿರುತ್ತವೆ.

ಭಾರತಕ್ಕೂ ಈ ಆಟದಲ್ಲಿ ಹೆಸರಿದೆ. 2015ರಲ್ಲಿ ವಿಶ್ವ ತಂಡ ಚಾಂಪಿಯನ್‌ಷಿಪ್ ಚೆನ್ನೈನಲ್ಲಿ ನಡೆಯಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾದಾಗ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದರು. ಆಗ ಅವರ ವಯಸ್ಸು ಕ್ರಮವಾಗಿ 60 ಮತ್ತು 56. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಪುರುಷರ ತಂಡ ಬೆಳ್ಳಿ ಪಡೆಯಿತು.

ನೆನಪಿನಲ್ಲಿಡಬೇಕಾದ ಅಂಶಗಳು

* ಉದ್ದನೆಯ ಸೂಟ್ ಬಂದಾಗ ಪಾಯಿಂಟುಗಳ ಬದಲು ಟ್ರಿಕ್ ಎಣಿಸಿ.
* ವಲ್ನರಬಲ್ ಆಗಿದ್ದರೆ ಎರಡು, ಅಲ್ಲದಿದ್ದರೆ ಮೂರು ಸೇರಿಸಿ. ಅದಕ್ಕಿಂತ ಮೇಲೆ ಏರಬೇಡಿ.
* ಏಳು ಎಲೆಗೆ ಮೂರನೇ ಹಂತ, ಎಂಟು ಎಲೆಗೆ ನಾಲ್ಕನೇ ಹಂತ.
* ದುರ್ಬಲ ಕೈಯಾದರೆ ಒಂದೇ ಸಲಕ್ಕೆ ಮಿತಿ ಮುಟ್ಟಿ, ನಂತರ ಮೌನವಾಗಿರಿ.
* ಬಲಿಷ್ಠ ಕೈಯಾದರೆ ‘ಎರಡು ಕ್ಲಬ್’ನಿಂದ ನಿಧಾನವಾಗಿ ಸಾಗಿ.
* ಕೈಯಲ್ಲಿ ಇಲ್ಲದ ಸೂಟ್ ಇದ್ದರೆ ಎಷ್ಟು ಎಕ್ಕ ಎಂದು ಕೇಳದೆ, ಯಾವ ಎಕ್ಕ ಎಂದು ಕೇಳುವ ಪದ್ಧತಿಯನ್ನು ಜೊತೆಗಾರನೊಡನೆ ಮೊದಲೇ ಮಾತಾಡಿಕೊಳ್ಳಿ.
* ಎಲೆ ನೋಡಿದೊಡನೆ ಮುಖದಲ್ಲಿ ಬೆರಗು ತೋರಬೇಡಿ. ತಡವರಿಕೆ, ಮುಖಭಾವಗಳಿಂದ ಜೊತೆಗಾರನಿಗೆ ಸುಳಿವು ಸಿಕ್ಕರೆ ಆತ ಅದನ್ನು ಬಳಸಿಕೊಳ್ಳುವಂತಿಲ್ಲ. ಅದು ನಿಯಮಕ್ಕೆ ವಿರುದ್ಧ.

ಈ ಪಟ್ಟಿಯನ್ನು ಓದಬೇಕಾದವರು ಇಬ್ಬರು. ಉದ್ದನೆಯ ಸೂಟ್ ಬರುವುದು ಒಬ್ಬನ ಕೈಗೆ. ಆದರೆ ಅದರ ಫಲ ಉಣ್ಣುವುದೂ ದಂಡ ತೆರುವುದೂ ಇಬ್ಬರೂ ಸೇರಿಯೇ. ಆಟಕ್ಕೆ ಕೂರುವ ಮುನ್ನ ಜೊತೆಗಾರನೊಡನೆ ಹತ್ತು ನಿಮಿಷ ಕುಳಿತು ಇವಿಷ್ಟನ್ನೂ ಒಪ್ಪಿಕೊಂಡರೆ, ಎಂಟನೆಯ ಎಲೆ ಕಂಡಾಗ ಗೊಂದಲಪಡಬೇಕಾದ ಪ್ರಮೇಯ ಬಾರದು.